ಗಂಜಿ ಹಾಕಿಸಿದ ಕಂಬಳಿ ಚೀಲಗಳು

೧೯೬೧ರಲ್ಲಿ ನಾನು ಕಡೂರಿನಲ್ಲಿ ಓವರ್ಸಿಯರ್ ಆಗಿದ್ದೆ. ಯಗಟಿ ಕಡೆಯ ಒಂದು ಹಳ್ಳ ಪ್ರತಿ ಮಳೆಗಾಲದಲ್ಲೂ ದಡ ಕೊರೆಯುತ್ತ, ಅಲ್ಲಿನ ಊರೊಂದರ ಸಿಹಿನೀರಿನ ಬಾವಿಯ ಹತ್ತಿರಕ್ಕೆ ಬಂದಿತ್ತು. ಇದ್ದದ್ದು ಅದೊಂದೇ ಬಾವಿ. ನಡುವೆ ಮಿಕ್ಕಿದ್ದು ಹದಿನೆಂಟು ಅಡಿ. ಕಲ್ಲಿನ ತಡೆಗೋಡೆಗೆ ಮಂಜೂರಾತಿ ಬರುವಷ್ಟರಲ್ಲಿ ಬಾವಿ ಇರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಮೊದಲು ಗೋಣಿಚೀಲಕ್ಕೆ ಮರಳು ತುಂಬಿ ಒಡ್ಡಿದೆವು. ಗೋಣಿ ಕೊಳೆತು ಮರಳು ನೀರುಪಾಲಾಯಿತು. ಆಗ ಆ ಊರಿನಲ್ಲಿ ಕಂಬಳಿ ನೇಯುವ ಬೀರಪ್ಪ ಒಂದು ಉಪಾಯ ಹೇಳಿದ. ಕಂಬಳಿಗಳನ್ನು ಹೊಲಿದು ಉದ್ದನೆಯ ಕೊಳವೆಯಂಥ ಚೀಲ ಮಾಡಿ, ಹಳ್ಳದ ಮರಳನ್ನು ನೀರಿನಲ್ಲಿ ಕದಡಿ ಅದರೊಳಕ್ಕೆ ಹುಯ್ಯುವುದು. ನೀರು ಉಣ್ಣೆಯಿಂದ ಸೋರಿಹೋಗುತ್ತದೆ, ಮರಳು ಒಳಗೇ ಬಿಗಿಯಾಗಿ ಕೂರುತ್ತದೆ. ಒಂದು ಮಾಡಿಸಿ ನೋಡಿದೆ. ಇಪ್ಪತ್ತು ಅಡಿಯ ಆ ಚೀಲ ಸಂಜೆಯೊಳಗೆ ಕಲ್ಲಿನ ಹಾಗೆ ಗಟ್ಟಿಯಾಯಿತು.

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಆದರೆ ನಾನು ಓದಿದವನಲ್ಲವೇ, ಮರಳು ಹುಯ್ಯುವಾಗ ಬಟ್ಟೆ ಜೋಲು ಬಿದ್ದದ್ದೇ ನನ್ನ ಕಣ್ಣಿಗೆ ಕಂಡಿತ್ತು. ಹೊದೆಯುವ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿ ಗಡುಸು ಮಾಡುವುದನ್ನು ಕಂಡಿದ್ದೆ. ಉಳಿದ ಚೀಲಗಳ ಕಂಬಳಿಗೆಲ್ಲ ಗಂಜಿ ಹಾಕಲು ಹೇಳಿದೆ.

"ಗಂಜಿ ಬ್ಯಾಡ ಸ್ವಾಮಿ," ಎಂದ ಬೀರಪ್ಪ. "ಅದು ಮಳೆ ಒಳಕ್ಕೆ ಬರದಂಗೆ ಹಾಕೋದು. ಇಲ್ಲಿ ನೀರು ಹೊರಕ್ಕೆ ಹೋಗ್ಬೇಕಲ್ವಾ?"

"ನೀನು ನೇಯಿ, ಇಂಜಿನಿಯರಿಂಗ್ ನನಗೆ ಬಿಡು," ಎಂದೆ.

ಗಂಜಿ ಹಾಕಿದ ಚೀಲಗಳಿಂದ ನೀರು ಸೋರಲಿಲ್ಲ. ಒಳಗೆ ಮರಳು ಅಂಬಲಿಯ ಹಾಗೆ ತುಳುಕುತ್ತಿತ್ತು. ಬಿಸಿಲಿಗೆ ಸರಿಹೋಗುತ್ತದೆಂದು ನನಗೆ ನಾನೇ ಹೇಳಿಕೊಂಡು ದಡಕ್ಕೆ ಸಾಲಾಗಿ ಇಡಿಸಿದೆ. ನಾಲ್ಕನೆಯ ದಿನ ಹಳ್ಳ ಬಂತು. ಚೀಲಗಳು ಉರುಳಿ, ಹೊಲಿಗೆ ಬಿಚ್ಚಿ ಹೋದವು. ಗಂಜಿಯಿಲ್ಲದ ಆ ಮೊದಲಿನ ಚೀಲ ಮಾತ್ರ ಇದ್ದಲ್ಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಬಾವಿ ಕುಸಿಯಿತು.

ವಿಚಾರಣೆಯಾದಾಗ, ಬೀರಪ್ಪ ಕೊಟ್ಟ ಕಂಬಳಿ ಕಳಪೆಯೆಂದು ಬರೆದುಕೊಟ್ಟೆ. ಕೆಲಸ ಹೋದೀತೆಂಬ ಹೆದರಿಕೆ. ಇದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಕೆಲವು ದಿನಗಳ ಮೇಲೆ ಬೀರಪ್ಪ ಕಚೇರಿಗೆ ಬಂದ. "ಗಂಜಿ ಹಾಕ್ಸಿದ್ದು ನೀವು ಅಂತ ಬರದ್ರಾ ಸ್ವಾಮಿ? ಊರಲ್ಲಿ ಬಾಯಿಗೆ ಬಂದಂಗೆ ಬೈತಾವ್ರೆ. ಸಂತೇಲಿ ನನ್ನ ಕಂಬಳಿ ಯಾರೂ ಮುಟ್ತಿಲ್ಲ."

"ಬರೆದಿದ್ದೀನಿ," ಎಂದೆ. ಅವನು ನಂಬಿದ. ಕೈಮುಗಿದು ಹೋದ.

ಆ ಊರಿನ ಹೆಂಗಸರು ಅಲ್ಲಿಂದ ಮುಂದೆ ಒಂದೂವರೆ ಮೈಲಿ ನಡೆದು ನೀರು ಹೊತ್ತರು. ನನಗೆ ಬಡ್ತಿ ಬಂತು. ಮಣ್ಣನ್ನು ಹಿಡಿದು ನೀರನ್ನು ಬಿಡುವುದೇ ಚೀಲದ ಕೆಲಸ ಎಂಬ ಪಾಠವನ್ನು ಕಿರಿಯ ಇಂಜಿನಿಯರುಗಳಿಗೆ ಎಷ್ಟೋ ವರ್ಷ ಹೇಳಿದೆ. ಇದನ್ನು ಎಲ್ಲಿ ಕಲಿತಿರಿ ಸಾರ್ ಎಂದು ಕೇಳಿದವರಿಗೆ, ಅನುಭವದಿಂದ ಎನ್ನುತ್ತಿದ್ದೆ.