ಪಾಲಾರ್ ದಂಡೆಯ ಹರಿಗೋಲು

ಫೋಟೋದಲ್ಲಿ ದೆವ್ವ ಬಂದಿದೆ ಎಂದು ನನ್ನ ಸ್ಟುಡಿಯೋಗೆ ಬಂದವರನ್ನೆಲ್ಲ ಗೇಲಿ ಮಾಡಿ ಕಳಿಸಿದವನು ನಾನು. "ರೋಲ್ ಸುತ್ತೋದು ಮರೆತು ಒಂದರ ಮೇಲೊಂದು ತೆಗ್ದಿದ್ದೀರ, ಅಷ್ಟೇ ಕಣ್ರೀ" ಎನ್ನುತ್ತಿದ್ದೆ. ಹೆಚ್ಚಿನ ಸಲ ಅದು ನಿಜವೂ ಆಗಿರುತ್ತಿತ್ತು. ಆದ್ದರಿಂದ ಈಗ ಹೇಳಲಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಮುಳಬಾಗಿಲಿನಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ ಇತ್ತು. ಮದುವೆ ಮನೆಯಲ್ಲಿ ಫೋಟೋ ತೆಗೆದು ರೋಲಿನಲ್ಲಿ ಒಂದೆರಡು ಉಳಿದರೆ, ಬೆಳಿಗ್ಗೆ ಸೈಕಲ್ ಹತ್ತಿ ಪಾಲಾರ್ ದಂಡೆಗೆ ಹೋಗುತ್ತಿದ್ದೆ. ಮಳೆ ಕೈಕೊಟ್ಟು ಹೊಳೆಯಲ್ಲಿ ಮರಳು ಬಿಟ್ಟರೆ ಬೇರೇನೂ ಇರಲಿಲ್ಲ. ಮೀನು ಹಿಡಿಯುವವರು ಬಿಟ್ಟುಹೋದ ಹರಿಗೋಲುಗಳು ಅಲ್ಲಲ್ಲಿ ಬಿದ್ದಿದ್ದವು. ಬಿದಿರು ಬಾಯಿ ಬಿಟ್ಟಿತ್ತು, ಮೇಲೆ ಹೊದಿಸಿದ ತೊಗಲು ಸುಕ್ಕುಗಟ್ಟಿತ್ತು. ಅವುಗಳ ಫೋಟೋ ಯಾರಿಗೂ ಬೇಕಿರಲಿಲ್ಲ, ನನಗೆ ಮಾತ್ರ ಯಾಕೋ ಮೋಹ. "ಹೆಣ್ಣು ನೋಡೋಕೆ ಹೋಗೋ ಥರ ಹೊರಡ್ತೀರಲ್ಲ" ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಿದ್ದಳು.

ಹೀಗಿರುವಾಗ ದಂಡೆಯ ಹಳ್ಳಿಯ ಮುನಿಶಾಮಿ ಎಂಬಾತ ನನ್ನನ್ನು ಹುಡುಕಿಕೊಂಡು ಬಂದ. ಕೆಲವು ವರ್ಷಗಳ ಹಿಂದೆ ಹೊಳೆ ತುಂಬಿ ಹರಿದಾಗ ಹರಿಗೋಲು ಹಾಕಿಕೊಂಡು ಹೋದ ಅವನ ಅಣ್ಣ ವಾಪಸು ಬಂದಿರಲಿಲ್ಲ. ಹರಿಗೋಲು ಕೆಳಗಡೆ ಜೊಂಡಿನಲ್ಲಿ ಸಿಕ್ಕಿತ್ತು, ಹೆಣ ಸಿಕ್ಕಿರಲಿಲ್ಲ. ಅತ್ತಿಗೆ ವೆಂಕಟಮ್ಮ ಇನ್ನೂ ಹಣೆಗೆ ಕುಂಕುಮ ಇಡುತ್ತಿದ್ದಳು. ಹಿರಿಯರ ಹಬ್ಬದಲ್ಲಿ ಮನೆಯ ಸತ್ತವರಿಗೆಲ್ಲ ಎಡೆ ಇಡುವಾಗ ಗಂಡನ ಹೆಸರಲ್ಲಿ ಇಡಲು ಬಿಡುತ್ತಿರಲಿಲ್ಲ. ಈ ಸಲ ಎಲ್ಲರೂ ಸೇರಿ ಹೇಗೋ ಒಪ್ಪಿಸಿದ್ದರಂತೆ.

"ಅಣ್ಣಂದು ಒಂದು ಫೋಟೋನೂ ಇಲ್ಲ ಸಾರ್. ದಂಡೇಲಿ ಬಿದ್ದಿರೋ ಆ ಹರಿಗೋಲನ್ನಾದ್ರೂ ತೆಗ್ದುಕೊಡಿ, ಎಡೆ ಮುಂದೆ ಇಕ್ತೀವಿ" ಎಂದ.

ಹಬ್ಬದ ಹಿಂದಿನ ದಿನ ಬೆಳಕು ಹರಿಯುವ ಹೊತ್ತಿಗೆ ಹೋದೆ. ಮರಳಿನ ಮೇಲೆ ತೆಳ್ಳಗೆ ಮಂಜು ಹಾಸಿತ್ತು. ರೋಲಿನಲ್ಲಿ ಒಂದೇ ಉಳಿದಿದ್ದರಿಂದ ಸ್ಟ್ಯಾಂಡ್ ಊರಿ ಜೋಪಾನವಾಗಿ ಕ್ಯಾಮರಾ ಕೂಡಿಸಿದೆ. ನನ್ನದು ತಲೆ ಬಗ್ಗಿಸಿ ಮೇಲಿನ ಗಾಜಿನಲ್ಲಿ ನೋಡುವಂಥದ್ದು. ಎದುರಿಗಿರುವುದೆಲ್ಲ ಎಡಬಲ ಅದಲುಬದಲಾಗಿ ಆ ಪುಟ್ಟ ಗಾಜಿನಲ್ಲಿ ಮೂಡುತ್ತದೆ.

ಬಗ್ಗಿ ನೋಡಿದೆ. ಗಾಜಿನೊಳಗೆ ಹರಿಗೋಲು ಮೆಲ್ಲಗೆ ತೂಗುತ್ತಿತ್ತು. ತಲೆಯೆತ್ತಿದರೆ ಮರಳಿನಲ್ಲಿ ಅರ್ಧ ಹೂತು ಸುಮ್ಮನೆ ಕೂತಿತ್ತು. ಮತ್ತೆ ಬಗ್ಗಿದೆ. ತೊಟ್ಟಿಲಿನ ಹಾಗೆ ತೂಗುತ್ತಲೇ ಇತ್ತು. ನನಗೆ ಹೆದರಿಕೆ ಆಗಲಿಲ್ಲ. ನಿದ್ದೆ ಹತ್ತುವಾಗ ಆಗುತ್ತದಲ್ಲ, ಅಂಥ ಒಂದು ಹಿತ. ನೀರಿನ ಸದ್ದು ಕೇಳಿದ ಹಾಗೂ ಇತ್ತು, ಆದರೆ ಅದಕ್ಕೆ ನಾನು ಆಣೆ ಮಾಡಲಾರೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಬೆನ್ನು ಹಿಡಿದುಕೊಂಡಾಗ ಎಚ್ಚರವಾದಂತಾಗಿ ಗುಂಡಿ ಒತ್ತಿದೆ.

ಸ್ಟುಡಿಯೋದಲ್ಲಿ ತೊಳೆದು ಪ್ರಿಂಟ್ ಹಾಕಿದರೆ, ಹಿಂದಿನ ಹೊಂಗೆಮರ ಸ್ಪಷ್ಟವಾಗಿದೆ, ಮುಂದಿನ ಕಲ್ಲುಗಳು ಸ್ಪಷ್ಟವಾಗಿವೆ. ಹರಿಗೋಲು ಮಾತ್ರ ಕದಲಿ ಮಸುಕಾಗಿದೆ. ಕ್ಯಾಮರಾ ಅಲುಗಿದ್ದರೆ ಮರ, ಕಲ್ಲು ಎಲ್ಲವೂ ಅಲುಗಬೇಕಿತ್ತು. ಮಂಜಿನ ಕಿತಾಪತಿ ಇರಬಹುದೆಂದು ಭೂತಗನ್ನಡಿ ಹಿಡಿದು ನೋಡಿದೆ. ಅದು ಮಂಜಲ್ಲ.

ಅಂಥ ಫೋಟೋ ಕೊಡಲು ನಾಚಿಕೆಯಾಯಿತು, ಆದರೆ ಇನ್ನೊಂದು ತೆಗೆಯಲು ಹೊತ್ತಿರಲಿಲ್ಲ. ಹಬ್ಬದ ಬೆಳಿಗ್ಗೆ ಅದನ್ನೇ ಅವರ ಮನೆಗೆ ಒಯ್ದೆ. ಒಳಗೆ ಎಡೆಗಾಗಿ ಎಲೆಗಳನ್ನು ಹಾಸಿದ್ದರು. ವೆಂಕಟಮ್ಮ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ನೀರ್ನಾಗೆ ಐತಲ್ಲಣ್ಣಾ ಇದು" ಎಂದಳು. ಫೋಟೋವನ್ನು ನನ್ನ ಕಡೆ ತಿರುಗಿಸಿ, "ಹೋಗ್ತಾ ಐತಾ, ಬರ್ತಾ ಐತಾ?" ಎಂದು ಕೇಳಿದಳು.

ಹರಿಗೋಲು ದುಂಡಗಿರುತ್ತದೆ, ಅದಕ್ಕೆ ಹಿಂದು ಮುಂದು ಎಂಬುದಿಲ್ಲ. ಬರೀ ನೋಡಿ ಯಾರೂ ಹೇಳಲಾರರು. ಹೋಗುತ್ತಿದೆ ಎಂದುಬಿಡಲಿ ಎಂಬಂತೆ ಮುನಿಶಾಮಿ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಅವಳ ಹಣೆಯನ್ನು ನೋಡಿದೆ.

"ಬರ್ತಾ ಐತಮ್ಮ" ಎಂದೆ.

ಅವಳು ಒಳಗೆ ಹೋಗಿ, ಗಂಡನ ಹೆಸರಿಗೆ ಹಾಸಿದ್ದ ಎಲೆಯನ್ನು ಎತ್ತಿ ಮಡಚಿಟ್ಟಳು. ಯಾರೂ ತಡೆಯಲಿಲ್ಲ.

ಅವಳಿಗೆ ನಾನು ಮಾಡಿದ್ದು ಉಪಕಾರವೋ ಅಪಕಾರವೋ ತಿಳಿಯದು. ಆ ಹರಿಗೋಲು ಚಲಿಸುತ್ತಿದ್ದದ್ದು ನಿಜ. ಯಾವ ಕಡೆಗೆ ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ.