ಅಣ್ಣ ಕೆಮ್ಮಿದ ದಿನ

ಮೊದಲ ಮಹಾಯುದ್ಧದಲ್ಲಿ ಅಣ್ಣ ಬಸ್ರಾದ ಲಡಾಯಿಗೆ ಹೋದದ್ದು ಬಂದೂಕು ಹಿಡಿಯಲಿಕ್ಕಲ್ಲ, ಹೇಸರಗತ್ತೆ ನಡೆಸಲಿಕ್ಕೆ. ಹುನಗುಂದದ ನನ್ನ ತವರಿನಲ್ಲಿ ಬೆದರಿದ ಎತ್ತು ಕೂಡ ಅವನು ಕೈಯಿಟ್ಟರೆ ಸುಮ್ಮನಾಗುತ್ತಿತ್ತು. ಅಲ್ಲಿ ತೋಪಿನ ಗುಂಡೊಂದು ಹತ್ತಿರದಲ್ಲೇ ಸಿಡಿದು ಅವನ ಎಡಗಡೆಯ ಪಕ್ಕೆಲುಬುಗಳನ್ನು ಮುರಿಯಿತು. ಮುಂಬಯಿಯಲ್ಲಿ ಚೂರುಗಳನ್ನು ತೆಗೆದು, ಗಾಯ ಮಾಯಿತೆಂದು ಊರಿಗೆ ಕಳಿಸಿದರು. ಮಾಯ್ದಿರಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಜ್ವರ ಹತ್ತಿ ಎದೆಯಲ್ಲಿ ಕೀವು ತುಂಬಿತು. ನನ್ನ ಗಂಡ ಗಾಡಿ ಕಟ್ಟಿಸಿಕೊಂಡು ಹೋಗಿ ಅವನನ್ನು ಬಾಗಲಕೋಟೆಗೆ ಕರೆತಂದರು. ನಮ್ಮ ಮನೆ ಅಲ್ಲೇ, ದವಾಖಾನೆಯ ಹಿಂದೆ.

ಡಾಕ್ಟರು ಅವನನ್ನು ದವಾಖಾನೆಯಲ್ಲೇ ಉಳಿಸಿಕೊಂಡು, ಪಕ್ಕೆಯೊಳಗೆ ರಬ್ಬರಿನ ನಳಿಗೆ ಇಟ್ಟರು. ಆದರೆ ಅಣ್ಣ ಕೆಮ್ಮಲೊಲ್ಲ. ಕೆಮ್ಮದೆ ಕೀವು ಹೊರಗೆ ಬಾರದು. ಕೆಮ್ಮಿದರೆ ಒಳಗೆ ಎಲುಬು ಇರಿಯುತ್ತದೆ. ಉಸಿರನ್ನು ಗಂಟಲಿನಲ್ಲೇ ಕದ್ದು ಎಳೆದುಕೊಳ್ಳುತ್ತಿದ್ದ. ಮಲಗಿದರೆ ಏಳಬೇಕು, ಎದ್ದರೆ ಒರಗಬೇಕು. ನಾನೂ ಕೂತಲ್ಲಿ ಕೂಡಲಾರೆ. ರೊಟ್ಟಿ ಬಡಿಯುವುದನ್ನು ಅರ್ಧಕ್ಕೇ ಬಿಟ್ಟು ಓಡಿಹೋಗಿ ಅವನ ಎದೆ ಏಳುತ್ತದೋ ಇಲ್ಲವೋ ನೋಡಿ ಬರುತ್ತಿದ್ದೆ. ಅಫೀಮಿನ ಔಷಧಿ ಹೆಚ್ಚು ಕೊಟ್ಟರೆ ಆ ಇದ್ದಷ್ಟು ಉಸಿರೂ ಕುಗ್ಗುತ್ತದೆಂದು ಡಾಕ್ಟರಿಗೆ ಭಯ.

ಅವರೂ ಗಾಯಾಳು ಸಿಪಾಯಿಗಳ ನಡುವೆ ಕೆಲಸ ಮಾಡಿ ಬಂದವರು. ಬೆನ್ನೆಲುಬಿನ ಪಕ್ಕದಲ್ಲಿ, ಪಕ್ಕೆಯ ನರಗಳು ಹೊರಡುವ ಜಾಗದಲ್ಲಿ, ಸೂಜಿಯಿಂದ ಔಷಧಿ ಬಿಟ್ಟರೆ ಅಷ್ಟು ಭಾಗ ಮಾತ್ರ ಮರಗಟ್ಟುತ್ತದೆ, ಮನುಷ್ಯ ಎಚ್ಚರವಾಗಿಯೇ ಇರುತ್ತಾನೆ ಎಂದರು. ಅಣ್ಣ ಒಪ್ಪಲಿಲ್ಲ. ಬೆನ್ನಿಗೆ ಪೆಟ್ಟು ಬಿದ್ದು ಕಾಲು ಸತ್ತವರನ್ನು ಅವನು ಕಣ್ಣಾರೆ ಕಂಡಿದ್ದ. ಸೂಜಿ ತಪ್ಪಿದರೇನು ಗತಿ ಎಂದು ನಾನೇ ಕೇಳಿದೆ. ಡಾಕ್ಟರು ಮುಚ್ಚಿಡಲಿಲ್ಲ, ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತಾಗಬಹುದು ಅಂದರು.

"ಮೊದಲ ಒಂದ ನರಕ್ಕ ಹಾಕ್ತೇನಿ. ಬ್ಯಾಡ ಅನಿಸಿದ್ರ ಅಲ್ಲಿಗೇ ಬಿಡ್ತೇನಿ," ಎಂದು ಅಣ್ಣನಿಗೆ ಹೇಳಿದರು.

ಅಣ್ಣ ನನ್ನ ಮುಖ ನೋಡಿದ. "ಹಾಕಿಸ್ಕೊ," ಅಂದೆ.

ಅವನನ್ನು ಕೂಡಿಸಿ, ನನ್ನ ಹೆಗಲಿಗೆ ಹಣೆ ಆನಿಸಿದರು. ಮೊದಲ ಸೂಜಿಗೆ ಅವನ ಉಗುರುಗಳು ನನ್ನ ತೋಳಿನಲ್ಲಿ ಊರಿದವು. ಸ್ವಲ್ಪ ಹೊತ್ತಿಗೆ ಹಿಡಿತ ಸಡಿಲಿತು. ಉಳಿದ ನರಗಳಿಗೂ ಹಾಕಲು ಅವನೇ ಸನ್ನೆ ಮಾಡಿದ. ಆಮೇಲೆ ಅಂಗೈಯಿಂದ ಪಕ್ಕೆ ತಡವಿಕೊಂಡು ಗಾಬರಿಯಾದ.

"ತಂಗೀ, ನನ್ನ ಎದಿ ಎಲ್ಲೈತಿ?"

"ಅಲ್ಲೇ ಐತಿ," ಅಂದರು ಡಾಕ್ಟರು. "ಔಷಧದ ಜೋರು ಇಳಿಯೂದ್ರಾಗ ಕೆಮ್ಮು."

ಅಣ್ಣ ಅಂಜುತ್ತಲೇ ಒಮ್ಮೆ ಕೆಮ್ಮಿದ. ನೋವಾಗಲಿಲ್ಲ. ಮತ್ತೆ ಜೋರಾಗಿ ಕೆಮ್ಮಿದ. ನಳಿಗೆಯಿಂದ ಕೀವು ಬೋಗುಣಿಗೆ ಸುರಿಯಿತು. ಕೋಣೆ ತುಂಬ ದುರ್ನಾತ. ನನಗೆ ಮಾತ್ರ ಅಳು, ನಗು ಎರಡೂ ಒಟ್ಟಿಗೆ ಬಂದವು.

ದೀಪ ಹಚ್ಚುವ ಹೊತ್ತಿಗೆ ನೋವು ಮರಳಿತು. ಮರುದಿನ ಡಾಕ್ಟರು ಬರುವ ಮೊದಲೇ ಅವನು ಸೂಜಿಗೆ ಬೆನ್ನು ತಿರುಗಿಸಿ ಕೂತಿದ್ದ. ಅವ್ವ ಊರಿನಿಂದ ಬೀರಪ್ಪ ದೇವರ ಭಂಡಾರದ ಅರಿಶಿನ ತಂದಳು. ಗಾಯಕ್ಕೆ ಬೇಡ, ಹಣೆಗೆ ಹಚ್ಚಿರಿ ಎಂದರು ಡಾಕ್ಟರು. ಸೂಜಿ ಹಾಕಿದಾಗಲೆಲ್ಲ ಅವ್ವ, ನಾನು ಇಬ್ಬರೂ ಅವನನ್ನು ಕೆಮ್ಮಿಸುತ್ತಿದ್ದೆವು, ಮತ್ತೆ ನೋವಿಗೆ ಅವನ ಹುಬ್ಬು ಗಂಟಿಕ್ಕುವುದನ್ನೇ ಕಾಯುತ್ತ ಚಡಪಡಿಸುತ್ತಿದ್ದೆವು.

ಜ್ವರ ಇಳಿಯಿತು. ಚಳಿಗಾಲದಲ್ಲಿ ನಳಿಗೆ ತೆಗೆದರು. ಎಡ ಹೆಗಲು ಜೋತು ಬಿದ್ದದ್ದು ಹಾಗೇ ಉಳಿಯಿತು. ಆದರೂ ಬಾದಾಮಿಯ ಹೆಣ್ಣನ್ನು ಮದುವೆಯಾದ, ಮಕ್ಕಳಾದವು. ಮಾವನ ಊರಿಗೆ ಹೋದಾಗ ಗುಡ್ಡದ ಮೆಟ್ಟಿಲು ಹತ್ತುತ್ತ ಉಸಿರು ತಗೊಳ್ಳಲು ನಡುವೆ ನಿಲ್ಲುತ್ತಿದ್ದನಂತೆ, ಹೆಂಡತಿಗೆ ಕೆರೆ ತೋರಿಸುವ ನೆಪದಲ್ಲಿ.