ಬಿಚ್ಚಲು ಬರುವ ಫೋನು

ಎಲ್ಲರೂ ಫೋನನ್ನು ಕೈಯಲ್ಲಿ ಹಿಡಿದು ಮಾತಾಡುತ್ತಾರೆ. ನನ್ನ ಅಮ್ಮನಿಗೆ ಮಾತಾಡಲು ಎರಡು ಕೈಯೂ ಬೇಕು. ಎಚ್.ಡಿ. ಕೋಟೆ ಕಡೆಯ ಎನ್. ಬೇಗೂರಿನಲ್ಲಿರುವ ಅವಳ ಅಕ್ಕ, ನಮ್ಮ ದೊಡ್ಡಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಇಬ್ಬರದೂ ಚಿಕ್ಕಂದಿನಿಂದ ಕೈಸನ್ನೆಯ ಮಾತು. ಬೆಳಗಿನ ತಿಂಡಿಯಾದ ಮೇಲೆ ಅಮ್ಮ ಹುಣಸೂರಿನ ನಮ್ಮ ಅಡುಗೆಮನೆಯಲ್ಲಿ ಫೋನನ್ನು ಗೋಡೆಗೆ ಒರಗಿಸಿ, ವಿಡಿಯೋದಲ್ಲಿ ಅಕ್ಕನೊಡನೆ ಹರಟುತ್ತಾಳೆ. ಸದ್ದೆಂದರೆ ಬಳೆಗಳದು ಮಾತ್ರ.

ಮೊನ್ನೆ ಯಾರದೋ ಜಗಳವನ್ನು ವರ್ಣಿಸುವ ಭರದಲ್ಲಿ ಅಮ್ಮನ ಮೊಣಕೈ ತಗುಲಿ ಫೋನು ನೆಲಕ್ಕೆ ಬಿತ್ತು. ಪರದೆ ಕಪ್ಪಾಯಿತು. ನನ್ನ ಫೋನಿನಿಂದ ದೊಡ್ಡಮ್ಮನಿಗೆ ತಿಳಿಸೋಣವೆಂದರೆ, "ರಿಪೇರಿ ಮಾಡಿಸ್ಕೊಂಡೇ ಮಾಡಣ ಬುಡು" ಎಂದಳು.

ರಿಪೇರಿ ಅಂಗಡಿಯವನು ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಈ ಮಾಡೆಲ್ ನಿಂತೋಯ್ತು ಕಣಮ್ಮ. ಡಿಸ್‌ಪ್ಲೇ ಸಿಗಲ್ಲ. ಬಿಚ್ಚಣ ಅಂದ್ರೆ ಒಳಗೆಲ್ಲ ಅಂಟಾಕ್ಬುಟ್ಟವ್ರೆ."

ಕೊಂಡು ಎರಡು ವರ್ಷವೂ ಆಗಿರಲಿಲ್ಲ! ಅಮ್ಮ ಬಾಯಿ ತೆರೆದು ನಿಂತಳು. "ಅಲ್ಲಪ್ಪ, ನಮ್ಮವ್ವನ ಹೊಲಿಗೆ ಮಿಷನ್ನ ಇವತ್ತೂ ಬಿಚ್ಚಿ ಎಣ್ಣೆ ಬುಡ್ತೀವಿ. ಇದು ಕೆಡ್ತದೆ ಅಂತ ಮಾಡ್ದೋರಿಗೆ ಗೊತ್ತಿರ್ನಿಲ್ವಾ?"

ಅವನು ತಲೆ ಕೆರೆದುಕೊಂಡ. ಕ್ಯಾಮೆರಾ, ಬಣ್ಣ, ತೆಳುವು ಎಂದು ನಾಲ್ಕು ದಿನ ಅಳೆದು ಸುರಿದು ಆ ಫೋನನ್ನು ಆರಿಸಿದ್ದ ನಾನು ಅಂಗಡಿಯ ಸೀಲಿಂಗನ್ನು ನೋಡತೊಡಗಿದೆ.

ಹೊಸ ಫೋನಿನ ಅಂಗಡಿಯಲ್ಲಿ ಅಮ್ಮನದು ಒಂದೇ ಪ್ರಶ್ನೆ: "ಇದು ಬಿಚ್ಚೋಕಾಯ್ತದಾ?" ಹೆಣ್ಣು ನೋಡಲು ಬಂದವರು ವಿಚ್ಛೇದನದ ಮಾತೆತ್ತಿದಂತೆ ಮಾರುವ ಹುಡುಗಿ ಬೆಚ್ಚಿಬಿದ್ದಳು. ಕೊನೆಗೆ ಸಿಕ್ಕಿದ್ದು ದಪ್ಪನೆಯ, ರೂಪವಿಲ್ಲದ ಒಂದು ಫೋನು. ಬೆನ್ನಿಗೆ ಸ್ಕ್ರೂ ಇತ್ತು, ಬ್ಯಾಟರಿ ಬದಲಾಯಿಸಬಹುದಿತ್ತು. ಅದರ ಡಿಸ್‌ಪ್ಲೇ ಊರಲ್ಲೇ ಸಿಗುತ್ತದೆಂದು ರಿಪೇರಿಯವನನ್ನು ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ಅಮ್ಮ ಹೂಂ ಎಂದದ್ದು.

ಅಂದೇ ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ದೊಡ್ಡಮ್ಮ! ಒಂಟಿಯಾಗಿ ಬಸ್ಸು ಹತ್ತದವಳು ಕೋಟೆಯಲ್ಲಿ ಬಸ್ಸು ಬದಲಿಸಿ ಬಂದು ಕೂತಿದ್ದಾಳೆ. ಅಮ್ಮನನ್ನು ಕಂಡವಳೇ ಓಡಿಬಂದು ತಲೆ, ತೋಳು, ಬೆನ್ನು ಎಲ್ಲವನ್ನೂ ತಡವಿ ನೋಡಿ, ಆಮೇಲೆ ಬೆನ್ನಿಗೊಂದು ಗುದ್ದಿದಳು. ಮಾತಿನ ನಡುವೆ ತಂಗಿಯ ಕೈ ಹಾರಿ, ಎಲ್ಲ ಕತ್ತಲಾದದ್ದನ್ನು ಅವಳು ಕಂಡಿದ್ದಳು. ತಂಗಿ ಬಿದ್ದಳು ಎಂದುಕೊಂಡಿದ್ದಳು. ಬಿದ್ದದ್ದು ಫೋನೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಒಂದು ಮಾತು ತಿಳಿಸಬಾರದಿತ್ತೇ ನಾವು!

ಅಕ್ಕತಂಗಿಯರು ಅತ್ತರು, ನಕ್ಕರು, ಅಲ್ಲೇ ಜಗಲಿಯ ಮೇಲೆ ಕೂತು ಕೈಮಾತು ಶುರುಮಾಡಿದರು. ನಾನು ಹೊಸ ಡಬ್ಬಿ ತೆರೆದು ಕೇಳಿದೆ, "ಅಮ್ಮ, ಸಿಮ್ ಹಾಕ್ಲಾ?"

ಅಮ್ಮ ನನ್ನತ್ತ ತಿರುಗಲೂ ಇಲ್ಲ.

"ಆಮೇಲೆ ಹಾಕುವಂತೆ ಬುಡ್ಲಾ. ಈಗ ಕೈಗೆ ಪುರುಸೊತ್ತಿಲ್ಲ."